ಹಳೆ ಪಿಕಪ್ ನಿಂತಾಗ ಮಾತ್ರ ಕಟಕಟ ಅನ್ನುತ್ತದೆ, ಇಂಜಿನ್ ಬಿಚ್ಚಿಸಲೇ?

ಗಂಗಾವತಿಯಲ್ಲಿ ಭತ್ತದ ಚೀಲ ಹೊರುವ ಹಳೆ ಡೀಸೆಲ್ ಪಿಕಪ್, ನ್ಯೂಟ್ರಲ್‌ನಲ್ಲಿ ಕಟಕಟ, ರೇಸ್ ಕೊಟ್ಟರೆ ಮಾಯ. ಇಂಜಿನ್ ಕೆಲಸ ಮಾಡಿಸಲೋ ಮಾರಲೋ ಎಂದು ಕೇಳಿದ್ದೀರಿ. ಎರಡೂ ಈಗಲೇ ಬೇಡ ರೀ. ನನ್ನ ಗಾಡಿಯದೂ ಇದೇ ಲಕ್ಷಣ, ಕೊನೆಗೆ ಸಿಕ್ಕಿದ್ದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಬ್ರಾಕೆಟ್ಟಿನ ಸಡಿಲ ಬೋಲ್ಟ್.

ಮೊದಲು ಆಯಿಲ್. ಗಾಡಿಯನ್ನು ಸಮತಟ್ಟು ಜಾಗದಲ್ಲಿ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ (ಆಯಿಲ್ ಮಟ್ಟದ ಕಡ್ಡಿ) ನೋಡಿ. ಬಿಸಿ ಇಂಜಿನ್ ಐಡ್ಲಿಂಗ್‌ನಲ್ಲಿರುವಾಗ ಆಯಿಲ್ ಲೈಟ್ ಮಿನುಗಿದರೆ ಮುಂದಿನ ಪರೀಕ್ಷೆ ಬೇಡ. ಕೂಡಲೇ ಆಫ್ ಮಾಡಿ, ಗೇಜ್ ಹಾಕಿಸಿ ಪ್ರೆಶರ್ ಅಳೆಸಿ.

ಲೈಟ್ ಬರದಿದ್ದರೆ ಕ್ಲಚ್ ಒತ್ತಿ. ಸದ್ದು ನಿಂತರೆ ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟಿನ ಬೇರಿಂಗ್ ಅಥವಾ ಕ್ಲಚ್ ಪ್ಲೇಟ್ ಕಡೆ ನೋಡಬೇಕು. ಒತ್ತಿದಾಗಲೇ ಸದ್ದು ಶುರುವಾದರೆ ರಿಲೀಸ್ ಬೇರಿಂಗ್.

ಜನ ದುಡ್ಡು ಕಳೆದುಕೊಳ್ಳುವುದು ಇದರ ಮುಂದಿನ ಹೆಜ್ಜೆಯಲ್ಲಿ: ಆಲ್ಟರ್ನೇಟರ್, ವಾಟರ್ ಪಂಪ್ ತಿರುಗಿಸುವ ಫ್ಯಾನ್ ಬೆಲ್ಟ್ ತೆಗೆದು ನೋಡದೆ ಹೆಡ್ (ಇಂಜಿನ್ನಿನ ಮೇಲ್ಭಾಗ) ಬಿಚ್ಚಿಸುತ್ತಾರೆ. ಹೆಡ್ ಎತ್ತಿದ ಮೇಲೆ ಗ್ಯಾಸ್ಕೆಟ್ ಹೊಸದೇ ಬೇಕು, ಕೂಲೆಂಟ್ ಹೋಯಿತು, ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಮತ್ತೆ ಸೆಟ್ ಮಾಡಬೇಕು. ಅಷ್ಟೂ ಮುಗಿಸಿ ಸ್ಟಾರ್ಟ್ ಮಾಡಿದರೆ ಅದೇ ಕಟಕಟ. ಆಗ ಮೇಸ್ತ್ರಿ ಕ್ರ್ಯಾಂಕ್ (ಇಂಜಿನ್ ಅಡಿಯ ಮುಖ್ಯ ಶಾಫ್ಟ್) ಕಡೆ ಕೈ ತೋರಿಸುತ್ತಾರೆ. ಬಿಲ್ಲು ಬೆಳೆಯುತ್ತದೆ, ಸದ್ದಿನ ಮೂಲ ಹೊರಗೆ ಹಾಗೇ ಇರುತ್ತದೆ. ಹತ್ತು ನಿಮಿಷದ ಪರೀಕ್ಷೆಗೆ ಬೇಸರಪಟ್ಟು ಇಷ್ಟೆಲ್ಲ ಆಗುವುದು ನನಗೆ ನಿಜಕ್ಕೂ ಸಂಕಟ.

ಬೆಲ್ಟ್ ಪರೀಕ್ಷೆ ಹೀಗೆ. ಇಂಜಿನ್ ತಣ್ಣಗಿರಲಿ, ಚಕ್ರಕ್ಕೆ ಕಲ್ಲು ಕೊಡಿ, ಬೆಲ್ಟ್ ಬಿಚ್ಚಿ ಅರ್ಧ ನಿಮಿಷ ಮಾತ್ರ ಓಡಿಸಿ. ವಾಟರ್ ಪಂಪ್ ತಿರುಗುತ್ತಿರುವುದಿಲ್ಲ, ಹೆಚ್ಚು ಓಡಿಸಿದರೆ ಇಂಜಿನ್ ಕಾಯುತ್ತದೆ. ಎಷ್ಟೋ ಡೀಸೆಲ್ ಪಿಕಪ್‌ಗಳಲ್ಲಿ ಬ್ರೇಕಿನ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ, ಬೆಲ್ಟ್ ಇಲ್ಲದೆ ಬ್ರೇಕ್ ಸರಿಯಾಗಿ ಹಿಡಿಯದು, ಹಾಗಾಗಿ ಗಾಡಿ ಕದಲಿಸಬೇಡಿ. ಸದ್ದು ನಿಂತರೆ ಆಫ್ ಮಾಡಿ ಒಂದೊಂದೇ ಪುಲ್ಲಿಯನ್ನು ಕೈಯಿಂದ ತಿರುಗಿಸಿ, ಅಲ್ಲಾಡಿಸಿ. ಮರಳು ಸಿಕ್ಕಿದಂತೆ ಗರಗರ ಅಂದರೆ ಬೇರಿಂಗ್ ಹೋಗಿದೆ. ಮಿಲ್ಲಿನ ಹೊಟ್ಟು, ಬಳ್ಳಾರಿ ಕಡೆಯ ಅದಿರಿನ ಧೂಳು ಎರಡೂ ಬೇರಿಂಗಿಗೆ ವೈರಿಗಳೇ. ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನಲ್ಲಿ ಕೂಲೆಂಟಿನ ಕಲೆ ಕಂಡರೆ ಪಂಪನ್ನೇ ಬದಲಿಸಿ.

ಬೆಲ್ಟ್ ಮರಳಿ ಹಾಕುವಾಗ ತಂತಿಯಂತೆ ಬಿಗಿಯಬೇಡಿ. ಉದ್ದನೆಯ ಭಾಗದ ನಡುವೆ ಹೆಬ್ಬೆರಳಿಂದ ಒತ್ತಿದರೆ ಸುಮಾರು 10 ಮಿ.ಮೀ. ಬಗ್ಗಬೇಕು. ಅತಿ ಬಿಗಿಯಾದರೆ ಹೊಸ ಬೇರಿಂಗೂ ಬೇಗ ಸಾಯುತ್ತದೆ.

ಬೆಲ್ಟ್ ತೆಗೆದರೂ ಸದ್ದು ಇದ್ದರೆ ಇಂಜಿನ್ ಮೌಂಟಿಂಗ್, ಸೈಲೆನ್ಸರ್ ಕ್ಲಾಂಪ್ ನೋಡಿ. ಆಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಟ್ಯಾಪೆಟ್ ಕವರಿಗಿಟ್ಟು, ಹಿಡಿಯನ್ನು ಕಿವಿಗೆ ಒತ್ತಿ ಕೇಳಿ. ಟ್ಯಾಪೆಟ್ ಸದ್ದು ಸಣ್ಣದು, ಇಂಜಿನ್ ವೇಗದ ಅರ್ಧ ಲಯದ್ದು: 800 ಆರ್‌ಪಿಎಂನಲ್ಲಿ ಒಂದು ವಾಲ್ವ್ ನಿಮಿಷಕ್ಕೆ 400 ಸಲ ಬಡಿಯುತ್ತದೆ. ಅದನ್ನು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಿಡಿದು ಸೆಟ್ ಮಾಡಿದರೆ ಸಾಕು. ಕೆಳಗಿನಿಂದ ಬರುವ ದಪ್ಪ ಧಡಧಡ, ರೇಸ್ ಕೊಟ್ಟಷ್ಟೂ ಜೋರಾದರೆ ಮಾತ್ರ ಕ್ರ್ಯಾಂಕ್ ಬೇರಿಂಗಿನ ಅನುಮಾನ. ನೀವು ಹೇಳಿದ್ದು ಅದರ ಉಲ್ಟಾ.

ಯಾವ ಸಿಲಿಂಡರಿನ ಸದ್ದು ಎಂದು ತಿಳಿಯಲು ಡೀಸೆಲ್ ಒಯ್ಯುವ ನಾಜಲ್ ಪೈಪ್ ಒಂದೊಂದೇ ಸಡಿಲಿಸಿ ನೋಡುವ ಹಳೆ ಪದ್ಧತಿ ಮೆಕಾನಿಕಲ್ ಪಂಪಿನ ಗಾಡಿಗೆ ಮಾತ್ರ, ಅದೂ ಮೇಸ್ತ್ರಿ ಕೈಯಲ್ಲಿ. ಕಾಮನ್ ರೈಲ್ (ಒಂದೇ ಪೈಪಿನಿಂದ ಅತಿ ಒತ್ತಡದಲ್ಲಿ ಡೀಸೆಲ್ ಹಂಚುವ) ಇಂಜಿನ್ನಿಗೆ ಹಾಗೆ ಮಾಡಲೇಬೇಡಿ, ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ.