1780ರ ಇಂಗ್ಲೆಂಡಿನ ಬಂಗಲೆಗೆ ಕೆಲಸದವರನ್ನು ಹೇಗೆ ಗೊತ್ತುಮಾಡುತ್ತಿದ್ದರು?

ಪ್ರಶ್ನೆ: 1780ರ ಇಂಗ್ಲೆಂಡಿನ ಹಳ್ಳಿಗಾಡಿನ ಎಸ್ಟೇಟೊಂದರ ಬಗ್ಗೆ ನಾಟಕ ಬರೆಯುತ್ತಿದ್ದೇನೆ. ಯಜಮಾನ ಆಳುಗಳ ಸಂತೆಗೆ ಹೋಗಿ ಫುಟ್‌ಮ್ಯಾನ್ (ಮನೆಯೊಳಗಿನ ಸಮವಸ್ತ್ರದ ಸೇವಕ) ಒಬ್ಬನನ್ನು ಆರಿಸಿ ತರುತ್ತಾನೆ. ಇದು ಸರಿಯೇ? ಕರಾರು ಹೇಗಿರುತ್ತಿತ್ತು?

ಉತ್ತರ: ಸಂತೆ ನಿಜ. ಆದರೆ ಫುಟ್‌ಮ್ಯಾನ್‌ನನ್ನು ಅಲ್ಲಿಂದ ತರಿಸಬೇಡಿ. ಸೆಪ್ಟೆಂಬರ್ 29ರ ಮೈಕಲ್‌ಮಸ್ ಹಬ್ಬದ ಆಸುಪಾಸಿನಲ್ಲಿ, ಉತ್ತರದ ಕಡೆ ನವೆಂಬರ್ 11ರ ಮಾರ್ಟಿನ್‌ಮಸ್ ಹಬ್ಬಕ್ಕೆ, ಸೇರುತ್ತಿದ್ದ ಈ ಸಂತೆಗಳಲ್ಲಿ ಸಿಗುತ್ತಿದ್ದವರು ಹೆಚ್ಚಾಗಿ ಹೊಲದ ಆಳುಗಳು, ಹೈನಿನ ಕೆಲಸದ ಹುಡುಗಿಯರು. ಕಸುಬು ತಿಳಿಯಲೆಂದು ಕುರಿ ಕಾಯುವವನು ಉಣ್ಣೆಯ ಎಳೆ, ಗಾಡಿ ಹೊಡೆಯುವವನು ಚಾಟಿಯ ಹುರಿ ಸಿಕ್ಕಿಸಿಕೊಂಡು ನಿಲ್ಲುತ್ತಿದ್ದರು. ಮಾತು ಕುದುರಿದರೆ ಕೈಗೆ ಒಂದು ಶಿಲ್ಲಿಂಗ್‌ನಷ್ಟು ಮುಂಗಡ.

ಬಂಗಲೆಯೊಳಗಿನ ಕೆಲಸಕ್ಕೆ ನೆಂಟರ, ಗೇಣಿದಾರರ ಶಿಫಾರಸೇ ದಾರಿ. ಲಂಡನ್ನಿನಲ್ಲಾದರೆ, ಕಾದಂಬರಿಕಾರ ಹೆನ್ರಿ ಫೀಲ್ಡಿಂಗ್ ಮತ್ತು ಅವನ ಸೋದರ ಜಾನ್ 1750ರಲ್ಲಿ ತೆರೆದಂಥ, ಕೆಲಸ ಹುಡುಕುವವರ ನೋಂದಣಿ ಕಚೇರಿಗಳೂ ಇದ್ದವು. ಯಾವ ದಾರಿಯಲ್ಲಿ ಬಂದರೂ ಹಿಂದಿನ ಮನೆಯವರ ನಡತೆ ಪತ್ರ ಬೇಕು: ಪ್ರಾಮಾಣಿಕನೇ, ಕುಡಿಯುತ್ತಾನೆಯೇ, ಯಾಕೆ ಬಿಟ್ಟ? ಸುಳ್ಳು ಪತ್ರಕ್ಕೆ 20 ಪೌಂಡ್ ದಂಡ ಹಾಕುವ ಕಾಯ್ದೆ ಬಂದದ್ದು 1792ರಲ್ಲಿ. ನಿಮ್ಮ ಕಾಲಕ್ಕೆ ಆ ಹೆದರಿಕೆ ಇನ್ನೂ ಇರಲಿಲ್ಲ.

ನಾಟಕಕ್ಕೆ ನಿಜವಾದ ಬಿಗಿ ಸಿಗುವುದು ಅವಧಿಯ ಮಾತಿನಲ್ಲಿ. ಮದುವೆಯಾಗದ, ಮಕ್ಕಳಿಲ್ಲದ ಆಳನ್ನು ವರ್ಷಕ್ಕೆಂದು ಗೊತ್ತುಮಾಡಿ, ಅವನು ವರ್ಷವಿಡೀ ದುಡಿದರೆ ಆ ಪ್ಯಾರಿಷ್‌ನಲ್ಲಿ (ಒಂದು ಚರ್ಚಿಗೆ ಸೇರಿದ ಊರಾಡಳಿತದ ವಲಯ) ನೆಲೆಯ ಹಕ್ಕು ಸಿಗುತ್ತಿತ್ತು. ಮುಂದೆ ಕಾಯಿಲೆ, ಮುಪ್ಪು, ಬಡತನ ಬಂದರೆ ಅವನನ್ನು ಸಾಕುವ ಹೊಣೆ ಆ ಪ್ಯಾರಿಷ್‌ನದು; ಅದರ ಖರ್ಚಿಗೆ ತೆರಿಗೆ ಕಟ್ಟಬೇಕಾದವರು ಯಜಮಾನ ಮತ್ತು ಅವನ ನೆರೆಹೊರೆಯವರೇ. ಹಾಗಾಗಿ ಎಷ್ಟೋ ಕಡೆ 51 ವಾರಕ್ಕಷ್ಟೇ ಕರಾರು. ಆ ಒಂದು ವಾರದಿಂದ ಒಬ್ಬ ಮನುಷ್ಯ ಮುಪ್ಪಿನಲ್ಲಿ ಕೈಹಿಡಿಯುವ ಊರನ್ನೇ ಕಳೆದುಕೊಳ್ಳಬಹುದಿತ್ತು. ಅವಧಿಯ ಮಾತೇ ಎತ್ತದಿದ್ದರೆ ಕಾನೂನು ಅದನ್ನು ವರ್ಷದ ಕರಾರೆಂದೇ ಎಣಿಸುತ್ತಿತ್ತು. ಹಾಗಾಗಿ ಜಾಣ ಸ್ಟೀವರ್ಡ್ (ಎಸ್ಟೇಟಿನ ಮೇಲ್ವಿಚಾರಕ) ಅವಧಿಯನ್ನು ಮರೆಯದೆ ಬಾಯಿಬಿಟ್ಟು ಹೇಳುತ್ತಿದ್ದ.

ಸಂಬಳವನ್ನು ವರ್ಷದ ಲೆಕ್ಕದಲ್ಲಿ ನಿಗದಿಮಾಡುತ್ತಿದ್ದರು. ಊಟ, ವಸತಿ ಮನೆಯಲ್ಲೇ. ಫುಟ್‌ಮ್ಯಾನ್‌ಗೆ ಸಮವಸ್ತ್ರವೂ ಉಂಟು. ಬಿಡಿಸಬೇಕಾದರೆ ಒಂದು ತಿಂಗಳ ಮುನ್ಸೂಚನೆ, ಇಲ್ಲವೇ ಒಂದು ತಿಂಗಳ ಸಂಬಳ ಕೊಡುವುದು ರೂಢಿ.

ಇನ್ನೊಂದು ಖರ್ಚನ್ನು ಸ್ಟೀವರ್ಡ್‌ನ ಬಾಯಲ್ಲಿ ಆಡಿಸಿ. 1777ರಿಂದ ಒಬ್ಬೊಬ್ಬ ಗಂಡಾಳಿಗೂ ಯಜಮಾನ ವರ್ಷಕ್ಕೆ ಒಂದು ಗಿನಿ, ಅಂದರೆ 21 ಶಿಲ್ಲಿಂಗ್, ತೆರಿಗೆ ಕಟ್ಟಬೇಕಿತ್ತು. ಬೇಸಾಯದ ಆಳುಗಳಿಗೆ ವಿನಾಯಿತಿ. ಹೊಲದಲ್ಲಿ ದುಡಿದು ಸಂಜೆ ಊಟದ ಮೇಜಿನ ಬಳಿ ಬಡಿಸಲು ನಿಲ್ಲುವವನು ಯಾವ ಲೆಕ್ಕಕ್ಕೆ ಸೇರುತ್ತಾನೆ ಎಂಬ ತಕರಾರು ನ್ಯಾಯಾಧೀಶರವರೆಗೂ ಹೋಗುತ್ತಿತ್ತು.