ಓದುಗರ ಪ್ರಶ್ನೆ: ಒಂದೇ ಮಾತಿಗೆ ಹೆಸರು ಅಂಟಿಸಿಕೊಂಡ ಪ್ರಕಾಶಕ

ಪ್ರಶ್ನೆ: ನಾನು ಜರ್ಮನ್ ಕಲಿಯುತ್ತಿದ್ದೇನೆ. ಹಳೆಯ ಲೇಖನವೊಂದರಲ್ಲಿ ‘ಬಾಸರ್‌ಮನ್ ಆಕೃತಿಗಳು’ ಎಂಬ ಮಾತು ಬಂತು. ಅರ್ಥ ಹುಡುಕಿದರೆ, ಬೀದಿಯಲ್ಲಿ ಸುಳಿದಾಡುವ, ನೋಡಿದರೆ ಅನುಮಾನ ಬರುವಂಥ ಜನ ಎಂದಿದೆ. ಯಾರು ಈ ಬಾಸರ್‌ಮನ್, ಯಾವುದಾದರೂ ಗೂಂಡಾನಾ?

ಉತ್ತರ: ಖಂಡಿತ ಅಲ್ಲ. ಫ್ರೀಡ್ರಿಕ್ ಡೇನಿಯಲ್ ಬಾಸರ್‌ಮನ್ ಪುಸ್ತಕ ಪ್ರಕಾಶಕ, ಉದಾರವಾದಿ ರಾಜಕಾರಣಿ. ಆ ಮಾತು ಅವನನ್ನು ಕುರಿತದ್ದಲ್ಲ, ಅವನ ಬಾಯಿಂದ ಬಂದದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಹುಟ್ಟಿದ್ದು 1811ರ ಫೆಬ್ರವರಿ 24ರಂದು, ಮ್ಯಾನ್‌ಹೈಮ್‌ನಲ್ಲಿ, ಅನುಕೂಲಸ್ಥ ವ್ಯಾಪಾರಿ ಮನೆತನದಲ್ಲಿ. ಮೊದಲು ತಾನೂ ವ್ಯಾಪಾರ ಮಾಡಿದ. 1841ರಲ್ಲಿ ಬಾಡೆನ್ ರಾಜ್ಯದ ಶಾಸನಸಭೆಗೆ ಆರಿಸಿ ಬಂದ. 1843ರಲ್ಲಿ ಕಾರ್ಲ್ ಮಾಥಿ ಎಂಬ ಗೆಳೆಯನ ಜೊತೆ ಪ್ರಕಾಶನ ಶುರು ಮಾಡಿದ. ಮಾಥಿ ಬರೆದು ಬರೆದು ಸರ್ಕಾರದ ಕೆಂಗಣ್ಣಿಗೆ ಬಿದ್ದು, ಸ್ವಿಟ್ಜರ್ಲೆಂಡಿಗೆ ಓಡಿಹೋಗಿ, ಅಲ್ಲಿ ಹಳ್ಳಿ ಮೇಷ್ಟ್ರಾಗಿದ್ದು ವಾಪಸ್ ಬಂದಿದ್ದವನು. ಅಂಥವನನ್ನು ಪಾಲುದಾರ ಮಾಡಿಕೊಳ್ಳೋದು ಸುಲಭದ ಮಾತಲ್ಲ. ಬೆರ್ಟೋಲ್ಡ್ ಔವರ್‌ಬಾಕ್ ಬರೆದ, ಆಮೇಲೆ ಯುರೋಪಿನ ತುಂಬ ಹೆಸರಾದ ಹಳ್ಳಿಯ ಕಥೆಗಳನ್ನು ಮೊದಲು ಪುಸ್ತಕ ಮಾಡಿದ್ದು ಇವರೇ. 1847ರ ಜುಲೈನಲ್ಲಿ ‘ಡಾಯ್ಚ ಜೈಟುಂಗ್’ ಎಂಬ ದಿನಪತ್ರಿಕೆಯನ್ನೂ ತಂದರು. ಒಂದು ರಾಜ್ಯದ ಸುದ್ದಿಗಷ್ಟೇ ಅಂಟಿಕೊಳ್ಳದೆ ಇಡೀ ಜರ್ಮನಿಗಾಗಿ ಮಾತಾಡಬೇಕು ಅನ್ನೋದು ಅದರ ಆಸೆ.

ಜರ್ಮನಿ ಆಗ ಒಂದು ದೇಶವೇ ಅಲ್ಲ. 30ಕ್ಕೂ ಹೆಚ್ಚು ರಾಜ್ಯಗಳ ಒಕ್ಕೂಟ. ಫ್ರಾಂಕ್‌ಫರ್ಟ್‌ನಲ್ಲಿ ಅದರ ಸಭೆ ಸೇರುತ್ತಿತ್ತು, ಆದರೆ ಅಲ್ಲಿ ಕೂರುತ್ತಿದ್ದವರು ಸರ್ಕಾರಗಳು ಕಳಿಸಿದ ದೂತರು. ಜನ ಆರಿಸಿದವರು ಒಬ್ಬರೂ ಇಲ್ಲ. ಅಲ್ಲಿ ಜನರ ಪ್ರತಿನಿಧಿಗಳೂ ಇರಬೇಕು ಎಂದು ಬಾಸರ್‌ಮನ್ 1848ರ ಫೆಬ್ರವರಿ 12ರಂದು ಬಾಡೆನ್ ಸಭೆಯಲ್ಲಿ ಪಟ್ಟು ಹಿಡಿದ. ಸರಿಯಾಗಿ ಹನ್ನೆರಡು ದಿನಕ್ಕೆ, ಅವನ 37ನೇ ಹುಟ್ಟುಹಬ್ಬದ ದಿನವೇ, ಪ್ಯಾರಿಸ್‌ನಲ್ಲಿ ಫ್ರಾನ್ಸಿನ ರಾಜ ಸಿಂಹಾಸನ ಬಿಟ್ಟು ಓಡಿದ. ಆ ಬಿಸಿ ಜರ್ಮನಿಗೂ ತಟ್ಟಿತು. ಮೇ 18ಕ್ಕೆ ಫ್ರಾಂಕ್‌ಫರ್ಟ್‌ನ ಪೌಲ್ಸ್ ಚರ್ಚಿನಲ್ಲಿ ಚುನಾಯಿತ ಸಂಸತ್ತು ಕೂತೇಬಿಟ್ಟಿತು. ಸಂವಿಧಾನ ಬರೆಯುವ ಸಮಿತಿಗೆ ಬಾಸರ್‌ಮನ್ ಅಧ್ಯಕ್ಷನಾದ.

ಈಗ ನಿಮ್ಮ ಮಾತಿಗೆ ಬರೋಣ. ಅವನಿಗೆ ಬೇಕಿದ್ದದ್ದು ರಾಜನೂ ಇರುವ, ಆದರೆ ಕಾನೂನಿಗೆ ಬಗ್ಗುವ ಸರ್ಕಾರ. ಗಣರಾಜ್ಯವೇ ಬೇಕು ಎಂದು ಬೀದಿಗಿಳಿದವರನ್ನು ಕಂಡರೆ ಅವನಿಗೆ ಭಯ. ನವೆಂಬರ್‌ನಲ್ಲಿ ಪ್ರಶ್ಯಾ ರಾಜ್ಯದ ರಾಜಧಾನಿ ಬರ್ಲಿನ್‌ಗೆ ದೂತನಾಗಿ ಹೋಗಿ ಬಂದು, 18ರಂದು ಸಂಸತ್ತಿನಲ್ಲಿ ವರದಿ ಕೊಟ್ಟ. ಅಲ್ಲಿನ ಬೀದಿಗಳಲ್ಲಿ ಓಡಾಡುತ್ತಿದ್ದ ಆಕೃತಿಗಳನ್ನು ತಾನು ವರ್ಣಿಸಲಾರೆ ಎಂಬ ಅರ್ಥದ ಮಾತು ಅದರಲ್ಲಿತ್ತು. ಅಷ್ಟೇ! ವಿರೋಧಿಗಳು ಅದನ್ನು ಹಿಡಿದುಕೊಂಡರು, ಊರೆಲ್ಲ ಹಬ್ಬಿತು, ಭಾಷೆಯಲ್ಲೇ ಉಳಿದುಬಿಟ್ಟಿತು.

ಅವನು ಅಲ್ಲಿ ತಪ್ಪಿದ ಅಂತಲೇ ನನ್ನ ಅಭಿಪ್ರಾಯ. ಜನರಿಗೆ ಸಂಸತ್ತು ಬೇಕು ಎಂದು ಅಷ್ಟು ಮುಂಚೆ ಕೇಳಿದವನು, ಅದೇ ಜನ ಎದುರಿಗೆ ಬಂದು ನಿಂತಾಗ ಅವರ ಮುಖ ನೋಡದೆ ಹೆದರಿಕೊಂಡ. ಆದರೂ ಒಬ್ಬ ಮನುಷ್ಯನ ಅಷ್ಟೂ ವರ್ಷಗಳ ಕೆಲಸ ಮರೆತು, ಆ ಒಂದು ಸಾಲನ್ನು ಮಾತ್ರ ಇಟ್ಟುಕೊಂಡದ್ದು ನನಗೆ ನಿಜವಾಗಿ ನೋವು ಕೊಡುತ್ತದೆ.

ಪ್ರಶ್ನೆ: ಪುಸ್ತಕ ಮಾರುವವರಿಗೆ ರಾಜಕೀಯ ಯಾಕೆ ಬೇಕಿತ್ತು?

ಉತ್ತರ: ಬೇಡ ಅಂದರೂ ಬಿಡುತ್ತಿರಲಿಲ್ಲ. ಜರ್ಮನ್ ರಾಜ್ಯಗಳು ಒಟ್ಟಾಗಿ ತಂದ 1819ರ ಕಾರ್ಲ್ಸ್‌ಬಾಡ್ ಕಟ್ಟಳೆಗಳ ಪ್ರಕಾರ 20 ಫಾರಂ (ಅಚ್ಚಿನ ದೊಡ್ಡ ಹಾಳೆ), ಅಂದರೆ ಸುಮಾರು 320 ಪುಟಕ್ಕಿಂತ ಸಣ್ಣದಾದ ಯಾವುದನ್ನೇ ಆಗಲಿ ಅಚ್ಚಿಗೆ ಮೊದಲೇ ಸೆನ್ಸಾರ್ ಅಧಿಕಾರಿಗೆ ತೋರಿಸಬೇಕಿತ್ತು. ದಪ್ಪ ಪುಸ್ತಕಕ್ಕೆ ಬೆಲೆ ಜಾಸ್ತಿ, ಸಾಮಾನ್ಯರು ಕೊಳ್ಳುವುದಿಲ್ಲ, ಹಾಗಾಗಿ ಸರ್ಕಾರಕ್ಕೆ ಅದರ ಭಯ ಕಡಿಮೆ. ಕರಪತ್ರ, ಪತ್ರಿಕೆಗಳ ಮೇಲೆಯೇ ಕಣ್ಣು. ಯಾರೋ ಒಬ್ಬ ಗುಮಾಸ್ತ ಕೆಂಪು ಗೆರೆ ಎಳೆದರೆ ನೀವು ಹಾಕಿದ ದುಡ್ಡು ಹೋಯಿತು. ಇದನ್ನು ದಿನಾ ಅನುಭವಿಸುವವನು ಸುಮ್ನೆ ಇರೋದು ಹೇಗೆ, ಅಲ್ವಾ?

ಬಾಸರ್‌ಮನ್ ಒಬ್ಬನೇ ಅಲ್ಲ. ಲೈಪ್‌ಜಿಗ್‌ನ ರಾಬರ್ಟ್ ಬ್ಲೂಮ್ ಕೂಡ ಪ್ರಕಾಶಕ, ಅದೇ ಸಂಸತ್ತಿನ ಸದಸ್ಯ, ಆದರೆ ಗಣರಾಜ್ಯದ ಕಡೆಯವನು. ಬಾಸರ್‌ಮನ್ ಆ ವರದಿ ಕೊಡುವುದಕ್ಕೆ ಒಂಬತ್ತು ದಿನ ಮೊದಲು ವಿಯೆನ್ನಾದಲ್ಲಿ ಅವನನ್ನು ಗುಂಡಿಟ್ಟು ಕೊಂದಿದ್ದರು. ಮುಂದಿನ ತಲೆಮಾರಿನಲ್ಲಿ ಬರ್ಲಿನ್‌ನ ಫ್ರಾಂಟ್ಸ್ ಡುಂಕರ್ ಬರುತ್ತಾನೆ. 1859ರಲ್ಲಿ ಕಾರ್ಲ್ ಮಾರ್ಕ್ಸ್‌ನ ಅರ್ಥಶಾಸ್ತ್ರದ ಪುಸ್ತಕ ಅಚ್ಚು ಹಾಕಿದ. ತಾನು ಮಾತ್ರ ಉದಾರವಾದಿಯಾಗಿಯೇ ಉಳಿದು, 1868ರಲ್ಲಿ ಮ್ಯಾಕ್ಸ್ ಹಿರ್ಶ್ ಜೊತೆ ಕಾರ್ಮಿಕ ಸಂಘಗಳನ್ನೂ ಕಟ್ಟಿದ.

ಪ್ರಶ್ನೆ: ಕೊನೆಗೆ ಬಾಸರ್‌ಮನ್ ಏನಾದ?

ಉತ್ತರ: 1849ರ ಮಾರ್ಚ್‌ನಲ್ಲಿ ಸಂವಿಧಾನ ಸಿದ್ಧವಾಯಿತು. ಇಡೀ ಜರ್ಮನಿಯ ಚಕ್ರವರ್ತಿಯಾಗು ಎಂದು ಸಂಸತ್ತು ಕೊಡಲು ಹೋದ ಕಿರೀಟವನ್ನು ಪ್ರಶ್ಯಾದ ರಾಜ ಬೇಡ ಎಂದ. ಅಲ್ಲಿಗೆ ಎಲ್ಲ ಕುಸಿಯಿತು. ಬಾಸರ್‌ಮನ್ ನಿಧಾನವಾಗಿ ರಾಜಕೀಯದಿಂದ ದೂರವಾದ, ಆರೋಗ್ಯ ಕೆಟ್ಟಿತು. 1855ರ ಜುಲೈ 29ರಂದು ಮ್ಯಾನ್‌ಹೈಮ್‌ನಲ್ಲಿ ತಾನೇ ಜೀವ ಕಳೆದುಕೊಂಡ. 44 ವರ್ಷ ಅಷ್ಟೇ.

ಪ್ರಕಾಶನದ ಹೆಸರು ಮಾತ್ರ ಅಳಿಯಲಿಲ್ಲ. ಮಗ ಓಟೋ ಅದನ್ನು ಮುಂದುವರಿಸಿದ. ಗೆಳೆಯ ವಿಲ್ಹೆಲ್ಮ್ ಬುಶ್‌ನ ಚಿತ್ರ ಮತ್ತು ಪದ್ಯದ ಪುಸ್ತಕಗಳು ಈ ಓಟೋನ ಕೈಯಿಂದಲೇ ಜರ್ಮನ್ ಮನೆಗಳಿಗೆ ಹೋದವು.