ಖಾಲಿ ಬಾಟಲಿಯನ್ನು ಬೆಳಕಿಗೆ ಹಿಡಿಯಿರಿ

ಪ್ರಶ್ನೆ: ಮನೆಯಲ್ಲಿ ಶುಂಠಿ, ನೆಲ್ಲಿಕಾಯಿ ವೈನ್ ಮಾಡುತ್ತೇವೆ. ವಿಸ್ಕಿ, ಬ್ರಾಂದಿಯ ಖಾಲಿ ಬಾಟಲಿಗಳನ್ನು ಸೋಪು ಹಾಕಿ, ಬಿಸಿನೀರಲ್ಲಿ ಕುಲುಕಿ ತೊಳೆದೇ ತುಂಬುವುದು. ಆದರೂ ಒಂದೇ ಭರಣಿಯ ವೈನು ಕೆಲವು ಬಾಟಲಿಗಳಲ್ಲಿ ಮಾತ್ರ ಹುಳಿಯಾಗುತ್ತದೆ. ಯಾಕೆ?
— ಓದುಗರು, ವಿರಾಜಪೇಟೆ

ಉತ್ತರ: ಒಂದೇ ಭರಣಿಯದ್ದು ಒಂದರಲ್ಲಿ ಚೆನ್ನಾಗಿದ್ದು ಇನ್ನೊಂದರಲ್ಲಿ ಕೆಟ್ಟಿದ್ದರೆ ನಿಮ್ಮ ಕೈಗುಣವನ್ನು ಬಯ್ಯುವುದು ಬೇಡ. ಬಾಟಲಿಯನ್ನೂ ಮುಚ್ಚಳವನ್ನೂ ವಿಚಾರಿಸಿಕೊಳ್ಳಿ. ವೈನನ್ನು ವಿನೆಗರ್ ಮಾಡುವುದು ಅಸಿಟೊಬ್ಯಾಕ್ಟರ್ ಜಾತಿಯ ಬ್ಯಾಕ್ಟೀರಿಯಾ. ಹಣ್ಣಿನ ನೊಣದ ಮೈಗೆ ಅಂಟಿಕೊಂಡಾದರೂ ಬಂದು ಸೇರುತ್ತದೆ. ಆಮೇಲೆ ಅದಕ್ಕೆ ಬೇಕಾದದ್ದು ಗಾಳಿ.

ಮೊದಲು ಗಾಳಿಯ ವಿಷಯ. ಈಗಿನ ಅನೇಕ ವಿಸ್ಕಿ ಬಾಟಲಿಗಳ ಕುತ್ತಿಗೆಯಲ್ಲಿ ಮರುತುಂಬದಂತೆ ಒಂದು ಪ್ಲಾಸ್ಟಿಕ್ ತಡೆ, ಅದರೊಳಗೆ ಪುಟ್ಟ ಗೋಲಿ ಇರುತ್ತದೆ. ಅದನ್ನು ಕಿತ್ತ ಮೇಲೆ ಹಳೇ ಮುಚ್ಚಳ ಭದ್ರವಾಗಿ ಕೂರುವುದಿಲ್ಲ. ಕೀಳದೆ ಬಿಟ್ಟರೆ ಅದರ ಸಂದಿಯಲ್ಲಿ ಹಳೆಯದೆಲ್ಲ ಕೂತಿರುತ್ತದೆ, ಬ್ರಷ್ಷೂ ಒಳಗೆ ಹೋಗುವುದಿಲ್ಲ. ಅಂಥ ಬಾಟಲಿ ಎಷ್ಟೇ ಚಂದವಿದ್ದರೂ ನನ್ನ ಲೆಕ್ಕದಲ್ಲಿ ಗುಜರಿಗೆ. ನೇರ ಕುತ್ತಿಗೆಯ ವೈನ್ ಬಾಟಲಿ ಹುಡುಕಿ ಹೊಸ ಕಾರ್ಕ್ ಹಾಕಿ.

ಇನ್ನು ತೊಳೆಯುವುದು. ಕೊಳೆ ತೆಗೆಯುವುದು ಒಂದು ಕೆಲಸ, ಕ್ರಿಮಿ ಕೊಲ್ಲುವುದು ಇನ್ನೊಂದು. ನೀವು ಎರಡನ್ನೂ ಒಂದೇ ಕುಲುಕಿನಲ್ಲಿ ಮುಗಿಸುತ್ತಿದ್ದೀರಿ. ತಳದಲ್ಲಿ ಒಣಗಿದ ಗಸಿಯ ಪೊರೆ ಇದ್ದರೆ ಮೇಲೆ ಯಾವ ರಾಸಾಯನಿಕ ಸುರಿದರೂ ಅಡಿಯ ಕ್ರಿಮಿಗೆ ತಾಗುವುದಿಲ್ಲ. ಕ್ಲೋರಿನ್, ಅಯೋಡಿನ್ ಅಂತೂ ಕೊಳೆಯ ಜೊತೆಗೇ ವರ್ತಿಸಿ ಅಲ್ಲೇ ಖರ್ಚಾಗಿಬಿಡುತ್ತವೆ.

ಪ್ಲಾಸ್ಟಿಕ್ ಟಬ್ಬಿನಲ್ಲಿ ನಾಲ್ಕು ಲೀಟರ್ ಬಿಸಿನೀರಿಗೆ ಎರಡು-ಮೂರು ದೊಡ್ಡ ಚಮಚ ವಾಷಿಂಗ್ ಸೋಡಾ ಕಲಸಿ ಬಾಟಲಿಗಳನ್ನು ರಾತ್ರಿಯಿಡೀ ಮುಳುಗಿಸಿಡಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಸೋಡಾ ಅದನ್ನು ತಿನ್ನುತ್ತದೆ. ಕೈಗೆ ರಬ್ಬರ್ ಗ್ಲೌಸ್ ಇರಲಿ. ಬೆಳಿಗ್ಗೆ ಎಷ್ಟೋ ಲೇಬಲ್ಲುಗಳು ತಾವಾಗಿಯೇ ಬಿಟ್ಟುಕೊಂಡಿರುತ್ತವೆ. ಉದ್ದ ಬ್ರಷ್ಷಿನಿಂದ ತಳ, ಭುಜ ಉಜ್ಜಿ. ಬ್ರಷ್ ಮುಟ್ಟದ ಮೂಲೆಗೆ ಒಂದು ಹಿಡಿ ಅಕ್ಕಿ, ಸ್ವಲ್ಪ ನೀರು ಹಾಕಿ ಗರಗರ ತಿರುಗಿಸಿ. ಮರಳು ಹಾಕಬೇಡಿ, ಗಾಜು ಗೀರಿದರೆ ಆ ಗೀರೇ ಕ್ರಿಮಿಗೆ ಮನೆ.

ಕೆಮಿಸ್ಟ್ರಿ ಲ್ಯಾಬಿನಲ್ಲಿ ಹುಡುಗರಿಗೆ ಬ್ಯುರೆಟ್ ಎಂಬ ಉದ್ದನೆಯ ಗಾಜಿನ ಅಳತೆಕೊಳವೆ ತೊಳೆಯಲು ಕೊಟ್ಟು ಒಂದು ಪರೀಕ್ಷೆ ಇಡುತ್ತಿದ್ದೆ. ನೀರು ಸುರಿದಾಗ ಒಳಗೋಡೆಯ ಮೇಲೆ ಒಂದೇ ಪದರವಾಗಿ ಇಳಿಯಬೇಕು. ಹನಿ ಹನಿಯಾಗಿ ನಿಂತರೆ ಜಿಡ್ಡು ಇದೆ, ಇನ್ನೊಮ್ಮೆ ತೊಳಿ ಅಂತ. ನಿಮ್ಮ ಬಾಟಲಿಗೂ ಅದೇ ಪರೀಕ್ಷೆ. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ತಳ ನೋಡಿ. ಮಬ್ಬು ಬಿಳಿ ಕಲೆ ಕಂಡರೆ ಅದು ಬೋರ್‌ವೆಲ್ ನೀರಿನ ಸುಣ್ಣವಿರಬಹುದು, ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಹಾಕಿದರೆ ಕರಗುತ್ತದೆ.

ಇಷ್ಟಾದ ಮೇಲೆ ಕ್ರಿಮಿಯ ಸರದಿ. ಸ್ಕ್ವಾಷ್ ಮಾಡುವವರ ಮನೆಯಲ್ಲಿ ಕೆಎಂಎಸ್, ಅಂದರೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಇದ್ದೇ ಇರುತ್ತದೆ. ಲೀಟರ್ ನೀರಿಗೆ 10 ಗ್ರಾಂ ಅದು, 10 ಗ್ರಾಂ ನಿಂಬೆ ಉಪ್ಪು. ಹುಳಿ ಇಲ್ಲದಿದ್ದರೆ ಕ್ರಿಮಿ ಕೊಲ್ಲುವ ಗಂಧಕದ ಅನಿಲ ಸರಿಯಾಗಿ ಬಿಡುಗಡೆಯಾಗದು, ಹಾಗಾಗಿ ನಿಂಬೆ ಉಪ್ಪನ್ನು ಬಿಡಬೇಡಿ. ಹತ್ತು ನಿಮಿಷ ಒಳಗಿಟ್ಟು ಚೆಲ್ಲಿ, ಕುದಿಸಿ ಆರಿಸಿದ ನೀರಲ್ಲಿ ಒಮ್ಮೆ ಗಲಬರಿಸಿ, ಬೋರಲು ಹಾಕಿ. ಆಸ್ತಮಾ ಇರುವವರು ಈ ಕೆಲಸಕ್ಕೆ ಕೈಹಾಕಬಾರದು. ಅಂಥವರಿಗೆ ಹಬೆಯೇ ಸರಿ: ಎತ್ತರದ ಪಾತ್ರೆಯಲ್ಲಿ ಜಾಲರಿಯ ಮೇಲೆ ಬಾಟಲಿ ಬೋರಲಿಟ್ಟು, ನೀರು ತಣ್ಣಗಿರುವಾಗಲೇ ಒಲೆ ಹಚ್ಚಿ, ಹಬೆ ಬಂದ ಮೇಲೆ ಕಾಲು ಗಂಟೆ. ಒಲೆ ಆರಿಸಿ ಅಲ್ಲೇ ತಣಿಯಲು ಬಿಡಿ. ತಣ್ಣನೆ ಗಾಜಿಗೆ ಕುದಿಯುವ ನೀರು ಸುರಿದರೆ ಟಪ್ ಎಂದು ಸೀಳುತ್ತದೆ.

ಒಳಗೆ ಬಟ್ಟೆ ತುರುಕಿ ಒರೆಸಬೇಡಿ. ಮಳೆಗಾಲದ ಕೊಡಗಿನಲ್ಲಿ ಒರೆಸುವ ಬಟ್ಟೆಗಿಂತ ಬೂಸಲಿನದು ಬೇರೆ ಯಾವುದೂ ಇಲ್ಲ.

ಪ್ರಶ್ನೆ: ಕ್ರಿಸ್‌ಮಸ್‌ಗೆ ದ್ರಾಕ್ಷಿ ವೈನ್ ತುಂಬಲು ಬಟ್ಟೆಯ ಬ್ಲೀಚ್‌ನಿಂದ ಬಾಟಲಿ ತೊಳೆಯಬಹುದೇ?
— ಮಂಗಳೂರು

ಉತ್ತರ: ಬಹುದು, ಆದರೆ ನನಗಿಷ್ಟವಿಲ್ಲ. ನಾಲ್ಕು ಲೀಟರಿಗೆ 15 ಮಿಲಿ, ಇಪ್ಪತ್ತು ನಿಮಿಷ, ಆಮೇಲೆ ವಾಸನೆ ಪೂರ್ತಿ ಹೋಗುವವರೆಗೆ ನೀರು. ಪರಿಮಳದ ಬ್ಲೀಚ್ ಬೇಡ. ಕಾರ್ಕಿಗಾಗಲಿ ಮರದ ಸೌಟಿಗಾಗಲಿ ತಾಗಿಸಲೇಬೇಡಿ. ಕ್ಲೋರಿನ್ ಮತ್ತು ಬೂಸಲು ಕೂಡಿದರೆ ಟಿಸಿಎ ಎಂಬ ವಸ್ತು ಹುಟ್ಟಬಹುದು. ಲೀಟರಿಗೆ ಕೆಲವೇ ನ್ಯಾನೊಗ್ರಾಂ ಇದ್ದರೂ ಸಾಕು, ವೈನಿಗೆ ಒದ್ದೆ ರಟ್ಟಿನ ವಾಸನೆ ಬರುತ್ತದೆ. ಇನ್ನು, ಬ್ಲೀಚಿಗೆ ವಿನೆಗರ್ ಸೇರಿಸಿದರೆ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಯಾರಾದರೂ ಹೇಳಿದರೆ ಅವರ ಮಾತು ಕೇಳಬೇಡಿ. ಅದರಿಂದ ಬರುವುದು ಕ್ಲೋರಿನ್ ಅನಿಲ.

ಪ್ರಶ್ನೆ: ಅಜ್ಜಿ ಬಾಟಲಿಗಳನ್ನು ಒಲೆಯ ಬೂದಿಯಲ್ಲಿ ತೊಳೆಯುತ್ತಿದ್ದರು. ಅದು ಮೂಢನಂಬಿಕೆಯೇ?
— ಸಕಲೇಶಪುರ

ಉತ್ತರ: ಖಂಡಿತ ಅಲ್ಲ. ಕಟ್ಟಿಗೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ. ವಾಷಿಂಗ್ ಸೋಡಾದ ದಾಯಾದಿ ಅದು. ಬೂದಿ ನೀರನ್ನು ಸೋಸಿ ಬಳಸಿ. ಆದರೆ ಅದು ಕೊಳೆಗೆ ಮಾತ್ರ, ಹಬೆ ತೋರಿಸುವ ಕೆಲಸ ಉಳಿದೇ ಇರುತ್ತದೆ.

ಪ್ರಶ್ನೆ: ಇಲ್ಲಿ ಮನೆಯಲ್ಲೇ ಬಿಯರ್ ಮಾಡುವುದು ಕಲಿತೆ. ಕುಡಿದಿಟ್ಟ ಬಾಟಲಿಗಳನ್ನು ಡಿಶ್‌ವಾಷರಿಗೆ ಹಾಕಿ ತುಂಬಿದರೆ ಕೆಲವು ಬುಸ್ಸೆಂದು ಉಕ್ಕುತ್ತವೆ.
— ನ್ಯೂಜೆರ್ಸಿ

ಉತ್ತರ: ಉಕ್ಕುವುದು ಕೆಲವೇ ಬಾಟಲಿಗಳಾದರೆ ಸಕ್ಕರೆ ಹೆಚ್ಚಾಗಿದೆ ಎನ್ನುವ ಮೊದಲು ಆ ಬಾಟಲಿಗಳ ತಳ ನೋಡಿ. ನಿಮ್ಮ ಯೀಸ್ಟ್ ತಿನ್ನಲಾರದೆ ಬಿಟ್ಟ ಡೆಕ್ಸ್‌ಟ್ರಿನ್‌ಗಳನ್ನು, ಅಂದರೆ ಪಿಷ್ಟದ ತುಣುಕುಗಳನ್ನು, ತಳದ ಕೊಳೆಯಲ್ಲಿ ಉಳಿದ ಕಾಡು ಯೀಸ್ಟ್ ತಿನ್ನುತ್ತದೆ, ಒತ್ತಡ ಏರುತ್ತದೆ, ಗಾಜು ಸಿಡಿಯಲೂಬಹುದು. ಡಿಶ್‌ವಾಷರಿನ ನೀರು ಸಣ್ಣ ಕುತ್ತಿಗೆಯೊಳಗೆ ಸರಿಯಾಗಿ ಹೋಗುವುದಿಲ್ಲ. ಜೊತೆಗೆ ಹಾಕುವ ಹೊಳಪಿನ ದ್ರವ ಬಿಯರಿನ ನೊರೆಯನ್ನು ಕೊಲ್ಲುತ್ತದೆ. ಮೊದಲು ಕೈಯಲ್ಲೇ ಬ್ರಷ್ ಹಾಕಿ ತೊಳೆಯಿರಿ. ಕೊನೆಗೆ ನಿಮ್ಮಲ್ಲಿ ಸಿಗುವ ಸ್ಟಾರ್ ಸ್ಯಾನ್ ಥರದ ಆಮ್ಲದ್ರವ ಬಳಸಿ, ಅದರ ನೊರೆಗೆ ಹೆದರಬೇಡಿ, ಆಮೇಲೆ ನೀರಲ್ಲಿ ತೊಳೆಯುವ ಅಗತ್ಯವಿಲ್ಲ. ತಿರುಚಿ ತೆಗೆಯುವ ಬಾಟಲಿ ಬೇಡ, ಅದರ ಮೇಲೆ ನೆರಿಗೆ ಅಂಚಿನ ತಗಡಿನ ಕ್ರೌನ್ ಮುಚ್ಚಳ ಸರಿಯಾಗಿ ಕಚ್ಚುವುದಿಲ್ಲ. ಸಾದಾ ವೈನ್ ಬಾಟಲಿಗೆ ಬಿಯರ್ ತುಂಬುವುದಂತೂ ಬೇಡವೇ ಬೇಡ, ಆ ಗಾಜು ಅಷ್ಟು ಒತ್ತಡ ತಡೆಯುವಂಥದ್ದಲ್ಲ.

ಪ್ರಶ್ನೆ: ತೋಟದ ಔಷಧಿ ಬಂದಿದ್ದ ದಪ್ಪ ಗಾಜಿನ ಬಾಟಲಿಗಳಿವೆ. ಚೆನ್ನಾಗಿ ಕುದಿಸಿದರೆ?
— ಮೂಡಿಗೆರೆ

ಉತ್ತರ: ಬೇಡ. ಕುದಿಸಿದರೆ ಕ್ರಿಮಿ ಸಾಯುತ್ತದೆ, ವಿಷ ಸಾಯುವುದಿಲ್ಲ. ಸೀಮೆಎಣ್ಣೆ, ಫಿನಾಯಿಲ್ ಬಾಟಲಿಗೂ ಇದೇ ಉತ್ತರ.